ಲೈಂಗಿಕ ಸೋಂಕು ಹರಡೋದರ ಗಣಿತ: ಪದೇ ಪದೇ ಕೇಳುವ ಪ್ರಶ್ನೆಗಳು

ಸೋಂಕಿಗೂ ಗಣಿತಕ್ಕೂ ಏನು ಸಂಬಂಧ? ಇದು ಡಾಕ್ಟ್ರ ಕೆಲಸ ಅಲ್ವಾ?

ಒಬ್ಬ ರೋಗಿಗೆ ಏನಾಗಿದೆ, ಯಾವ ಔಷಧಿ ಕೊಡ್ಬೇಕು ಅನ್ನೋದು ಡಾಕ್ಟ್ರ ಕೆಲಸಾನೇ. ಆದ್ರೆ ಲಕ್ಷಾಂತರ ಜನ ಇರೋ ಕಡೆ ಒಂದು ಸೋಂಕು ಇನ್ನು ಹತ್ತು ವರ್ಷದಲ್ಲಿ ಏರುತ್ತಾ ಇಳಿಯುತ್ತಾ, ಇರೋ ದುಡ್ಡನ್ನ ಟೆಸ್ಟಿಂಗಿಗೆ ಹಾಕ್ಬೇಕಾ ಲಸಿಕೆಗೆ ಹಾಕ್ಬೇಕಾ ಅಂತ ಕೇಳಿದ್ರೆ ಒಬ್ಬೊಬ್ಬ ರೋಗಿನ ನೋಡ್ತಾ ಕೂತ್ರೆ ಉತ್ತರ ಸಿಗಲ್ಲ. ಅದ್ರಲ್ಲೂ ಲೈಂಗಿಕ ಸೋಂಕು ಯಾರಿಂದ ಯಾರಿಗೆ ಬಂತು ಅಂತ ಕಣ್ಣಿಗೆ ಕಾಣಲ್ಲ, ಎಷ್ಟೋ ಜನಕ್ಕೆ ತಮಗೆ ಸೋಂಕಿದೆ ಅಂತಾನೇ ಗೊತ್ತಿರಲ್ಲ, ಗೊತ್ತಿದ್ರೂ ಬಾಯಿ ಬಿಡಲ್ಲ. ಕಾಣದೇ ಇರೋದನ್ನ ಅಂದಾಜು ಮಾಡೋಕೆ, "ಹೀಗೆ ಮಾಡಿದ್ರೆ ಏನಾಗುತ್ತೆ" ಅಂತ ಜನರ ಮೇಲೆ ಪ್ರಯೋಗ ಮಾಡದೇನೇ ನೋಡೋಕೆ ಇರೋ ದಾರಿ ಮಾಡೆಲ್, ಅಂದ್ರೆ ಸೋಂಕು ಹರಡೋ ರೀತಿನ ಸಮೀಕರಣದಲ್ಲೋ ಕಂಪ್ಯೂಟರಲ್ಲೋ ಬರೆದ ಲೆಕ್ಕ.

ಇದೇನು ಹೊಸದಲ್ಲ. ಡೇನಿಯಲ್ ಬರ್ನೂಲಿ 1760ರಲ್ಲೇ ಸಿಡುಬಿನ ಬಗ್ಗೆ ಲೆಕ್ಕ ಹಾಕಿದ್ರು. ಕರ್ಮ್ಯಾಕ್ ಮತ್ತು ಮೆಕೆಂಡ್ರಿಕ್ 1927ರಲ್ಲಿ ಬರೆದ ಸಮೀಕರಣಗಳನ್ನ ಇವತ್ತಿಗೂ ಪಾಠ ಮಾಡ್ತಾರೆ. ಲೈಂಗಿಕ ಸೋಂಕಿನ ವಿಷಯಕ್ಕೆ ಬಂದ್ರೆ 1970ರ ದಶಕದಲ್ಲಿ ಅಮೆರಿಕದಲ್ಲಿ ಗೊನೊರಿಯಾ ಜೋರಾದಾಗ ಕುಕ್, ಯಾರ್ಕ್, ಹೆತ್‌ಕೋಟ್ ಥರದ ಗಣಿತಜ್ಞರು ಇದನ್ನ ಕೈಗೆತ್ತಿಕೊಂಡ್ರು, ಆಮೇಲೆ ಎಚ್‌ಐವಿ ಬಂದ್ಮೇಲೆ ಈ ಕ್ಷೇತ್ರ ತುಂಬಾ ದೊಡ್ಡದಾಯ್ತು.

ಫ್ಲೂಗೆ ಮಾಡಿರೋ ಮಾಡೆಲನ್ನೇ ಇದಕ್ಕೂ ಹಾಕಿದ್ರೆ ಆಗಲ್ವಾ?

ಆಗಲ್ಲ. ಮೊದಲನೇದು, ಫ್ಲೂ ಬಸ್ಸಲ್ಲಿ ಪಕ್ಕದಲ್ಲಿ ಕೂತವರಿಂದಲೂ ಬರುತ್ತೆ, ಹಾಗಾಗಿ ಜನಸಂದಣಿ ಜಾಸ್ತಿ ಆದ್ರೆ ಹರಡೋದೂ ಜಾಸ್ತಿ ಆಗುತ್ತೆ ಅಂತ ಇಟ್ಕೊಬಹುದು. ಆದ್ರೆ ಊರಿನ ಜನಸಂಖ್ಯೆ ಎರಡು ಪಟ್ಟಾಯ್ತು ಅಂತ ಯಾರಿಗೂ ಸಂಗಾತಿಗಳ ಸಂಖ್ಯೆ ಎರಡು ಪಟ್ಟಾಗಲ್ಲ, ಹಾಗಾಗಿ ಇಲ್ಲಿ ಒಟ್ಟು ಎಷ್ಟು ಸೋಂಕಿತರಿದ್ದಾರೆ ಅನ್ನೋದಕ್ಕಿಂತ ಸಂಗಾತಿಗಳಲ್ಲಿ ಎಷ್ಟು ಪಾಲು ಸೋಂಕಿತರು ಅನ್ನೋದು ಮುಖ್ಯ. ಎರಡನೇದು, ಫ್ಲೂ ಬಂದು ಹೋದ್ರೆ ಸ್ವಲ್ಪ ಕಾಲ ರಕ್ಷಣೆ ಇರುತ್ತೆ, ಗೊನೊರಿಯಾದಲ್ಲಿ ಹಾಗಿಲ್ಲ, ಇವತ್ತು ವಾಸಿಯಾದವರಿಗೆ ಮುಂದಿನ ವಾರಾನೇ ಮತ್ತೆ ಬರಬಹುದು. ಮೂರನೇದು, ಮತ್ತೆ ನನ್ನ ಪ್ರಕಾರ ಇದೇ ದೊಡ್ಡದು, ಜನರ ನಡುವಿನ ವ್ಯತ್ಯಾಸ. ಹೆಚ್ಚಿನವರಿಗೆ ವರ್ಷದಲ್ಲಿ ಒಬ್ಬರೇ ಸಂಗಾತಿ ಅಥವಾ ಯಾರೂ ಇರಲ್ಲ, ಕೆಲವೇ ಕೆಲವರಿಗೆ ಹತ್ತು, ಇಪ್ಪತ್ತು, ಇನ್ನೂ ಜಾಸ್ತಿ. ಈ ವ್ಯತ್ಯಾಸ ಬಿಟ್ಟು ಲೆಕ್ಕ ಹಾಕಿದ್ರೆ ಉತ್ತರ ಪೂರ್ತಿ ತಪ್ಪು ಬರುತ್ತೆ, ಹೇಗೆ ಅಂತ ಕೆಳಗೆ ಲೆಕ್ಕ ಮಾಡೇ ತೋರಿಸ್ತೀನಿ.

ಎಸ್‌ಐಎಸ್, ಎಸ್‌ಐಆರ್ ಅಂತೆಲ್ಲ ಬರೀತಾರಲ್ಲ, ಅದೇನು?

ಜನರನ್ನ ಗುಂಪು ಮಾಡೋ ರೀತಿ ಅಷ್ಟೇ. ಎಸ್ ಅಂದ್ರೆ ಸೋಂಕು ತಗಲಬಹುದಾದವರು, ಐ ಅಂದ್ರೆ ಸೋಂಕಿತರು, ಆರ್ ಅಂದ್ರೆ ವಾಸಿಯಾಗಿ ರಕ್ಷಣೆ ಪಡೆದವರು. ದಡಾರದಲ್ಲಿ ಎಸ್ ಇಂದ ಐ, ಐ ಇಂದ ಆರ್, ಅಲ್ಲಿಗೆ ಮುಗೀತು. ಗೊನೊರಿಯಾದಲ್ಲಿ ಐ ಇಂದ ವಾಪಸ್ ಎಸ್‌ಗೇ ಬರ್ತಾರೆ, ಅದೇ ಎಸ್‌ಐಎಸ್. ಎಚ್‌ಐವಿಯಲ್ಲಿ ವಾಪಸ್ ಬರೋ ದಾರಿನೇ ಇಲ್ಲ, ಆದ್ರೆ ಚಿಕಿತ್ಸೆ ತಗೊಂಡು ವೈರಸ್ ಅಡಗಿಸಿಕೊಂಡವರು ಅಂತ ಬೇರೇನೇ ಗುಂಪು ಬೇಕು.

ಆರ್ ನಾಟ್ ಅನ್ನೋ ಪದ ಕೋವಿಡ್ ಟೈಮಲ್ಲಿ ಕೇಳಿದ್ದೆ. ಇಲ್ಲೂ ಅದೇನಾ?

ಅದೇ. ಮೇಲಿನ ಆರ್ ಗುಂಪಲ್ಲ ಇದು, ಯಾರಿಗೂ ಸೋಂಕಿಲ್ಲದ ಕಡೆ ಒಬ್ಬ ಸೋಂಕಿತರು ಬಂದ್ರೆ ಸರಾಸರಿ ಎಷ್ಟು ಜನಕ್ಕೆ ದಾಟಿಸ್ತಾರೆ ಅನ್ನೋ ಸಂಖ್ಯೆ. ಅದು 1ಕ್ಕಿಂತ ಜಾಸ್ತಿ ಇದ್ರೆ ಸೋಂಕು ನೆಲೆಯೂರಬಹುದು, ಕಡಿಮೆ ಇದ್ರೆ ತಾನಾಗೇ ಆರಿಹೋಗುತ್ತೆ. ಲೈಂಗಿಕ ಸೋಂಕಿಗೆ ಇದನ್ನ ಮೂರು ಸಂಖ್ಯೆಗಳ ಗುಣಾಕಾರವಾಗಿ ಬರೀತಾರೆ: ಬೀಟಾ × ಸಿ × ಡಿ. ಬೀಟಾ ಅಂದ್ರೆ ಒಬ್ಬ ಸಂಗಾತಿಗೆ ದಾಟೋ ಸಾಧ್ಯತೆ, ಸಿ ಅಂದ್ರೆ ವರ್ಷಕ್ಕೆ ಎಷ್ಟು ಹೊಸ ಸಂಗಾತಿಗಳು, ಡಿ ಅಂದ್ರೆ ಎಷ್ಟು ಕಾಲ ಇನ್ನೊಬ್ಬರಿಗೆ ದಾಟಿಸೋ ಸ್ಥಿತಿಯಲ್ಲಿ ಇರ್ತಾರೆ.

ಇದನ್ನ ಎಷ್ಟು ಸಲ ನೋಡಿದ್ರೂ ನಂಗೆ ಖುಷಿ ಆಗುತ್ತೆ, ಯಾಕಂದ್ರೆ ತಡೆಗಟ್ಟೋ ಕ್ರಮಗಳೆಲ್ಲ ಹೆಚ್ಚುಕಡಿಮೆ ಈ ಮೂರರಲ್ಲೇ ಬಂದುಬಿಡುತ್ತೆ. ಕಾಂಡೋಮು, ಎಚ್‌ಐವಿ ಬರದಂಗೆ ಮೊದಲೇ ತಗೊಳ್ಳೋ ಪ್ರೆಪ್ ಮಾತ್ರೆ ಇವೆಲ್ಲ ಬೀಟಾ ಇಳಿಸುತ್ವೆ. ಬೇಗ ಟೆಸ್ಟ್ ಮಾಡಿ ಬೇಗ ಚಿಕಿತ್ಸೆ ಕೊಟ್ರೆ ಡಿ ಇಳಿಯುತ್ತೆ. ಸಿ ಅನ್ನೋದು ಜನರ ಜೀವನಕ್ಕೆ ಸೇರಿದ್ದು, ಹೊರಗಿಂದ ಉಪದೇಶ ಮಾಡಿ ಅದನ್ನ ಬದಲಾಯಿಸೋದು ಕಷ್ಟ.

ಬೇರೆ ಬೇರೆ ಸೋಂಕು ಬೇರೆ ಬೇರೆ ದಾರಿಲಿ 1 ದಾಟುತ್ವೆ. ಗೊನೊರಿಯಾ ತುಂಬಾ ಸುಲಭವಾಗಿ ದಾಟುತ್ತೆ, ಆದ್ರೆ ಚಿಕಿತ್ಸೆ ಸಿಕ್ರೆ ಬೇಗ ಹೋಗುತ್ತೆ, ಅಂದ್ರೆ ಬೀಟಾ ದೊಡ್ಡದು, ಡಿ ಚಿಕ್ಕದು. ಎಚ್‌ಐವಿ ಒಂದು ಸಲದ ಸಂಪರ್ಕದಲ್ಲಿ ದಾಟೋ ಸಾಧ್ಯತೆ ಕಡಿಮೆ, ಆದ್ರೆ ಚಿಕಿತ್ಸೆ ಇಲ್ದಿದ್ರೆ ಡಿ ವರ್ಷಗಟ್ಟಲೆ.

ಹಾಗಾದ್ರೆ ಸರಾಸರಿ ಸಂಗಾತಿಗಳ ಸಂಖ್ಯೆ ತಗೊಂಡು ಗುಣಿಸಿದ್ರೆ ಮುಗೀತಲ್ವಾ?

ಇಲ್ಲೇ ಎಲ್ಲರೂ ಎಡವೋದು. ಗೊನೊರಿಯಾದ ಮಾಡೆಲ್ ಮಾಡ್ದಾಗ ಮೊದಲು ಎದುರಾದ ಒಗಟು ಇದು. ಸರಳ ಎಸ್‌ಐಎಸ್ ಮಾಡೆಲಲ್ಲಿ ಸೋಂಕು ಕೊನೆಗೆ ಎಷ್ಟು ಪಾಲು ಜನರಲ್ಲಿ ನಿಲ್ಲುತ್ತೆ ಅಂದ್ರೆ, 1ನ್ನ ಆರ್ ನಾಟ್‌ನಿಂದ ಭಾಗಿಸಿ, ಬಂದಿದ್ದನ್ನ 1ರಿಂದ ಕಳೀಬೇಕು. ಆರ್ ನಾಟ್ 2 ಇದ್ರೆ ಅರ್ಧ ಜನರಲ್ಲಿ ಸೋಂಕು ಇರುತ್ತೆ. ವಾಸ್ತವದಲ್ಲಿ ಗೊನೊರಿಯಾ ನೂರಕ್ಕೆ ಒಬ್ಬರು ಇಬ್ಬರಲ್ಲಿ ಇರುತ್ತೆ. ನೂರಕ್ಕೆ ಒಬ್ಬರು ಬರ್ಬೇಕು ಅಂದ್ರೆ ಆರ್ ನಾಟ್ ಸುಮಾರು 1.01 ಇರ್ಬೇಕು. ಅಷ್ಟು ಅಂಚಿನಲ್ಲಿ ಇದ್ರೆ ಚಿಕಿತ್ಸೆ ಸ್ವಲ್ಪ ಸುಧಾರಿಸಿದ ಕೂಡ್ಲೇ ಅದು ಮಾಯ ಆಗ್ಬೇಕಿತ್ತು, ಆಗ್ಲಿಲ್ಲ, ಪೆನ್ಸಿಲಿನ್ ಬಂದ್ಮೇಲೂ ದಶಕಗಟ್ಟಲೆ ಉಳೀತು. ಎಲ್ರೂ ಒಂದೇ ಥರ ಅಂತ ಇಟ್ಕೊಂಡಿದ್ದೇ ತಪ್ಪು ಅಂತ ಇದ್ರಿಂದ ಗೊತ್ತಾಯ್ತು.

ಈಗ ಒಂದು ಕಲ್ಪಿತ ಲೆಕ್ಕ, ಇದು ಯಾವ ಊರಿನ ಅಂಕಿಅಂಶಾನೂ ಅಲ್ಲ. 100 ಜನ ಇದ್ದಾರೆ, 95 ಜನಕ್ಕೆ ವರ್ಷಕ್ಕೆ ಒಬ್ಬೊಬ್ಬ ಹೊಸ ಸಂಗಾತಿ, 5 ಜನಕ್ಕೆ 20-20. ಸರಾಸರಿ 1.95. ಬೀಟಾ 0.5, ಡಿ ನಾಲ್ಕು ತಿಂಗಳು ಅಂದ್ರೆ ವರ್ಷದ ಮೂರನೇ ಒಂದು ಭಾಗ. ಸರಾಸರಿ ಹಾಕಿ ಗುಣಿಸಿದ್ರೆ ಆರ್ ನಾಟ್ 0.33 ಬರುತ್ತೆ, ಸೋಂಕು ಉಳಿಯೋದೇ ಇಲ್ಲ ಅನ್ನುತ್ತೆ ಲೆಕ್ಕ.

ಆದ್ರೆ 20 ಸಂಗಾತಿಗಳಿರೋರಿಗೆ ಸೋಂಕು ತಗಲೋ ಅವಕಾಶಾನೂ 20 ಪಟ್ಟು, ದಾಟಿಸೋ ಅವಕಾಶಾನೂ 20 ಪಟ್ಟು, ಹಾಗಾಗಿ ಅವರ ಪಾತ್ರ ವರ್ಗದ ಲೆಕ್ಕದಲ್ಲಿ, ಅಂದ್ರೆ 20 × 20 ಥರ ಬೆಳೆಯುತ್ತೆ. ಆಂಡರ್ಸನ್ ಮತ್ತು ಮೇ 1980ರ ದಶಕದಲ್ಲಿ ಎಚ್‌ಐವಿ ಬಗ್ಗೆ ಬರೆದಾಗ ಇದನ್ನ ಚೊಕ್ಕವಾಗಿ ತೋರಿಸಿದ್ರು: ಸಿ ಜಾಗದಲ್ಲಿ ಬರೀ ಸರಾಸರಿ ಅಲ್ಲ, ಸರಾಸರಿಗೆ, ವೇರಿಯನ್ಸನ್ನ (ಸಂಖ್ಯೆಗಳು ಸರಾಸರಿಯಿಂದ ಎಷ್ಟು ಚದುರಿವೆ ಅನ್ನೋ ಅಳತೆ) ಸರಾಸರಿಯಿಂದ ಭಾಗಿಸಿ ಬಂದಿದ್ದನ್ನ ಕೂಡಿಸಿ ಹಾಕ್ಬೇಕು. ನಮ್ಮ ಲೆಕ್ಕದಲ್ಲಿ ಅದು 10.7 ಆಗುತ್ತೆ, ಆರ್ ನಾಟ್ 1.79. ಅದೇ 100 ಜನ, ಅದೇ ಸರಾಸರಿ, ಸಾಯ್ಬೇಕಿದ್ದ ಸೋಂಕು ಈಗ ನೆಲೆ ನಿಲ್ಲುತ್ತೆ.

ಇನ್ನೊಂದು ಹೆಜ್ಜೆ ಮುಂದೆ ಹೋಗಿ. ಆ 95 ಜನಕ್ಕೆ ಎರಡು ಪಟ್ಟು ಬೇಗ ಚಿಕಿತ್ಸೆ ಸಿಗೋ ಹಾಗೆ ಮಾಡಿ, ಅಂದ್ರೆ ಡಿ ಎರಡು ತಿಂಗಳಿಗೆ ಇಳಿಸಿ, 5 ಜನರನ್ನ ಹಾಗೇ ಬಿಡಿ. ಆರ್ ನಾಟ್ 1.79ರಿಂದ 1.75ಕ್ಕೆ ಇಳಿಯುತ್ತೆ, ಲೆಕ್ಕಕ್ಕೇ ಇಲ್ಲ. ಈಗ ತಿರುಗಿಸಿ, ಆ 5 ಜನಕ್ಕೆ ಮಾತ್ರ ಬೇಗ ಚಿಕಿತ್ಸೆ ಕೊಡಿ, 95 ಜನರನ್ನ ಹಾಗೇ ಬಿಡಿ. ಆರ್ ನಾಟ್ 0.94 ಆಗುತ್ತೆ, 1ರ ಕೆಳಗೆ ಬಂತು, ಆ 95 ಜನರನ್ನೂ ಉಳಿಸ್ತು. ಈ ಎರಡು ಸಂಖ್ಯೆ ನಿಜವಾಗ್ಲೂ ಅರ್ಥ ಆದ್ರೆ ಈ ವಿಷಯದ ಮುಕ್ಕಾಲು ಭಾಗ ಅರ್ಥ ಆದಂಗೆ.

ಹಾಗಾದ್ರೆ ಆ 5 ಜನರೇ ರೋಗ ಹರಡೋರು ಅಂತಾಯ್ತಲ್ಲ?

ಈ ಪ್ರಶ್ನೆಗೆ ಸ್ವಲ್ಪ ಉದ್ದ ಉತ್ತರ ಕೊಡ್ತೀನಿ, ಯಾಕಂದ್ರೆ ಇದನ್ನ ತಪ್ಪಾಗಿ ತಿಳ್ಕೊಂಡು ಜನರಿಗೆ ತುಂಬಾ ನೋವು ಕೊಟ್ಟಿದ್ದಾರೆ. 1978ರಲ್ಲಿ ಯಾರ್ಕ್, ಹೆತ್‌ಕೋಟ್ ಮತ್ತು ನೋಲ್ಡ್ ಗೊನೊರಿಯಾ ಬಗ್ಗೆ ಬರೆದ ಲೇಖನದಿಂದ ಕೋರ್ ಗ್ರೂಪ್, ಅಂದ್ರೆ ಆ 5 ಜನರಂಥ ಚಿಕ್ಕ ಗುಂಪು ಅನ್ನೋ ಕಲ್ಪನೆ ಚಾಲ್ತಿಗೆ ಬಂತು. ಅವರು ಹೇಳಿದ್ದು ಗಣಿತದ ಮಾತು: ಈ ಗುಂಪಿನೊಳಗೆ ಸೋಂಕು ತಾನೇ ತಾನಾಗಿ ಉಳಿಯುತ್ತೆ, ಹೊರಗಿನ ಗುಂಪಿನಲ್ಲಿ ಅದರಿಂದ ಹರಿದು ಬಂದಷ್ಟೇ ಇರುತ್ತೆ. ಅದು ಸಂಬಂಧಗಳ ನೆಟ್‌ವರ್ಕಲ್ಲಿ ಒಬ್ಬರು ನಿಂತಿರೋ ಜಾಗದ ಬಗ್ಗೆ ಮಾತು, ಅವರ ಗುಣದ ಬಗ್ಗೆ ಅಲ್ಲ. ಸಮೀಕರಣದಲ್ಲಿ ಒಳ್ಳೆಯವರು ಕೆಟ್ಟವರು ಅನ್ನೋ ಸಂಕೇತಾನೇ ಇಲ್ಲ. ಅದೂ ಅಲ್ದೆ ಈ ಜನಕ್ಕೇ ಸೋಂಕು ಮೊದಲು ತಗಲೋದು, ಜಾಸ್ತಿ ಸಲ ತಗಲೋದು, ಕ್ಲಿನಿಕ್ಕಲ್ಲಿ ಮುಖ ಸಿಂಡರಿಸಿಕೊಳ್ಳೋರನ್ನ ಎದುರಿಸ್ಬೇಕಾಗಿ ಬರೋದೂ ಇವರಿಗೇ.

ಈಗ ಮೇಲಿನ ಲೆಕ್ಕನೇ ಮತ್ತೆ ನೋಡಿ. ಆರ್ ನಾಟ್ 1ರ ಕೆಳಗೆ ಬಂದಿದ್ದು ಆ 5 ಜನರ ಸಂಗಾತಿಗಳ ಸಂಖ್ಯೆ ಕಮ್ಮಿ ಮಾಡಿ ಅಲ್ಲ, ಅವರಿಗೆ ಚಿಕಿತ್ಸೆ ಬೇಗ ಸಿಕ್ಕಿದ್ದರಿಂದ. ಅವರನ್ನ ಬೈದು, ಹೆದರಿಸಿ, ಪೊಲೀಸ್ ಬಿಟ್ಟು ಓಡಿಸಿದ್ರೆ ಏನಾಗುತ್ತೆ? ಟೆಸ್ಟಿಗೆ ಬರಲ್ಲ, ಡಿ ಉದ್ದ ಆಗುತ್ತೆ, ನಾಲ್ಕು ತಿಂಗಳು ಇದ್ದಿದ್ದು ಎಂಟು ತಿಂಗಳಾಗುತ್ತೆ. ಹಾಗಾಗಿ ಮರ್ಯಾದೆಯಿಂದ ಮಾತಾಡಿಸೋ, ಹೆಸರು ಗುಟ್ಟಾಗಿಡೋ, ಕಾಯಿಸದೇ ನೋಡೋ ಕ್ಲಿನಿಕ್ಕು ಡಿ ಅನ್ನೋ ಸಂಖ್ಯೆನ ನೇರವಾಗಿ ಇಳಿಸುತ್ತೆ, ಅವಮಾನ ಅದನ್ನ ಏರಿಸುತ್ತೆ.

ಆದ್ರೆ ಆ 5 ಜನ ಯಾರು ಅಂತ ಹುಡುಕೋದು ಹೇಗೆ? ಎಲ್ಲರನ್ನೂ ಕೇಳೋಕಾಗುತ್ತಾ?

ಹುಡುಕ್ಬೇಕಾಗೇ ಇಲ್ಲ, ಗಣಿತಾನೇ ಒಂದು ದಾರಿ ಕೊಡುತ್ತೆ. ಆ 100 ಜನರ ಕಡೆಯಿಂದ ಒಟ್ಟು 195 ಸಂಬಂಧದ ತುದಿಗಳಿವೆ (95 × 1 + 5 × 20), ಅದ್ರಲ್ಲಿ 100 ಆ ಐದು ಜನರದ್ದು. ಅಂದ್ರೆ ಯಾರನ್ನೋ ಒಬ್ಬರನ್ನ ಕಣ್ಣು ಮುಚ್ಚಿ ಆರಿಸಿದ್ರೆ ಅವರು ಆ ಐವರಲ್ಲಿ ಒಬ್ಬರಾಗಿರೋ ಸಾಧ್ಯತೆ ನೂರಕ್ಕೆ 5, ಆದ್ರೆ ಅವರ ಸಂಗಾತಿ ಆ ಐವರಲ್ಲಿ ಒಬ್ಬರಾಗಿರೋ ಸಾಧ್ಯತೆ ಅರ್ಧಕ್ಕಿಂತ ಜಾಸ್ತಿ. ಇಲ್ಲಿ ಯಾರು ಯಾರ ಜೊತೆ ಬೇಕಾದ್ರೂ ಸೇರಬಹುದು ಅಂತ ಇಟ್ಕೊಂಡಿದ್ದೀನಿ. ಸಂಗಾತಿಗಳಿಗೆ ತಿಳಿಸಿ ಅವರಿಗೂ ಟೆಸ್ಟ್ ಮಾಡಿಸೋ ಪದ್ಧತಿ ಅಷ್ಟು ಪರಿಣಾಮಕಾರಿ ಆಗೋದು ಇದಕ್ಕೇ, ಯಾರ ಮೇಲೂ ಹಣೆಪಟ್ಟಿ ಹಚ್ಚದೆ ಚಿಕಿತ್ಸೆ ತಲುಪಬೇಕಾದ ಕಡೆ ತಲುಪುತ್ತೆ. ಹೆತ್‌ಕೋಟ್ ಮತ್ತು ಯಾರ್ಕ್ 1984ರಲ್ಲಿ ಗೊನೊರಿಯಾ ನಿಯಂತ್ರಣದ ಬೇರೆ ಬೇರೆ ವಿಧಾನಗಳನ್ನ ಮಾಡೆಲಲ್ಲಿ ಹೋಲಿಸಿ ನೋಡಿದಾಗಲೂ ಸಂಗಾತಿಗಳನ್ನ ಹುಡುಕಿ ಚಿಕಿತ್ಸೆ ಕೊಡೋದಕ್ಕೆ ಒಳ್ಳೆ ತೂಕ ಸಿಕ್ಕಿತ್ತು. ತಿಳಿಸೋದು ಮಾತ್ರ ಒಪ್ಪಿಗೆ ತಗೊಂಡು, ಯಾರಿಂದ ಅಂತ ಹೇಳದೆ ಆಗ್ಬೇಕು, ಅದಿಲ್ದಿದ್ರೆ ಜನ ಹೆಸರೇ ಹೇಳಲ್ಲ.

ಜನ ಸಂಗಾತಿಗಳ ಸಂಖ್ಯೆ ನಿಜ ಹೇಳ್ತಾರಾ? ಡೇಟಾ ಎಲ್ಲಿಂದ ಬರುತ್ತೆ?

ಸಮೀಕ್ಷೆಗಳಿಂದ. ಬ್ರಿಟನ್ನಿನ ನ್ಯಾಟ್ಸಾಲ್ ಸಮೀಕ್ಷೆ ಇದ್ರಲ್ಲಿ ತುಂಬಾ ಹೆಸರುವಾಸಿ, ಎಚ್‌ಐವಿ ಎಷ್ಟು ಹರಡಬಹುದು ಅಂತ ಅಂದಾಜು ಮಾಡೋಕೆ ಡೇಟಾನೇ ಇಲ್ಲ ಅಂತ ಅದನ್ನ ಯೋಜನೆ ಮಾಡಿದ್ರು, 1989ರಲ್ಲಿ ಸರ್ಕಾರ ದುಡ್ಡು ಕೊಡೋದನ್ನ ನಿಲ್ಲಿಸ್ತು, ಆಮೇಲೆ ವೆಲ್‌ಕಮ್ ಟ್ರಸ್ಟ್ ದುಡ್ಡು ಕೊಟ್ಟು 1990-91ರಲ್ಲಿ ಸುಮಾರು 19,000 ಜನರನ್ನ ಕೇಳಿದ್ರು.

ನಿಜ ಹೇಳ್ತಾರಾ ಅನ್ನೋದಕ್ಕೆ ಒಂದು ಚಂದದ ಪರೀಕ್ಷೆ ಇದೆ. ಗಂಡು-ಹೆಣ್ಣಿನ ಸಂಬಂಧದಲ್ಲಿ ಪ್ರತಿ ಸಂಬಂಧಕ್ಕೂ ಒಂದು ಗಂಡು ಒಂದು ಹೆಣ್ಣು, ಹಾಗಾಗಿ ಇಬ್ಬರ ಸಂಖ್ಯೆ ಸಮ ಇರೋ ಕಡೆ ಸರಾಸರಿಯೂ ಸಮ ಬರ್ಲೇಬೇಕು. ಆದ್ರೆ 2010-12ರ ನ್ಯಾಟ್ಸಾಲಲ್ಲಿ ಗಂಡಸರು ಜೀವಮಾನದಲ್ಲಿ ಸರಾಸರಿ 14 ಅಂದ್ರು, ಹೆಂಗಸರು 7 ಅಂದ್ರು. ಸಂಶೋಧಕರು ಕೂತು ಬಿಡಿಸಿ ನೋಡ್ದಾಗ ಕೆಲವೇ ಗಂಡಸರು ಹೇಳಿದ ಭಾರೀ ಸಂಖ್ಯೆಗಳು, ಗಂಡಸರು ಒಂದೊಂದಾಗಿ ಎಣಿಸೋ ಬದ್ಲು ಅಂದಾಜಲ್ಲಿ ಹೇಳೋದು, ಇವೆಲ್ಲ ಸೇರಿ ವ್ಯತ್ಯಾಸದ ದೊಡ್ಡ ಭಾಗ ಅಂತ ಗೊತ್ತಾಯ್ತು. ಮಾಡೆಲ್ ಮಾಡೋರು ಈ ಸಂಖ್ಯೆಗಳನ್ನ ಹಾಗೇ ಹಾಕಲ್ಲ, ಎರಡೂ ಕಡೆ ತಾಳೆ ಆಗೋ ಹಾಗೆ ಸರಿಪಡಿಸಿ ಹಾಕ್ತಾರೆ.

ನೆಟ್‌ವರ್ಕ್ ಮಾಡೆಲ್ ಅಂದ್ರೆ?

ಜನರನ್ನ ಚುಕ್ಕೆ ಮಾಡಿ ಸಂಬಂಧಗಳನ್ನ ಗೆರೆ ಮಾಡಿ ಬರೆಯೋದು. ಬೇರ್‌ಮನ್, ಮೂಡಿ ಮತ್ತು ಸ್ಟೋವೆಲ್ 2004ರಲ್ಲಿ ಪ್ರಕಟಿಸಿದ ಅಧ್ಯಯನ ನಂಗೆ ತುಂಬಾ ಇಷ್ಟ. ಅಮೆರಿಕದ ಒಂದು ಹೈಸ್ಕೂಲು, ಗುಟ್ಟು ಕಾಯೋಕೆ ಜೆಫರ್ಸನ್ ಅಂತ ಸುಳ್ಳು ಹೆಸರಿಟ್ರು. ಹದಿನೆಂಟು ತಿಂಗಳಲ್ಲಿ ಯಾರಿಗೆ ಯಾರ ಜೊತೆ ಪ್ರೇಮ ಅಥವಾ ಲೈಂಗಿಕ ಸಂಬಂಧ ಇತ್ತು ಅಂತ ಕೇಳಿ ಚಿತ್ರ ಬರೆದ್ರು. ಸಂಬಂಧ ಇದ್ದ 573 ಮಕ್ಕಳಲ್ಲಿ 288 ಜನ ಒಂದೇ ಉದ್ದದ ಸರಪಳಿಯಲ್ಲಿ ಸೇರಿಕೊಂಡಿದ್ರು! ಅವರಲ್ಲಿ ಹೆಚ್ಚಿನವರಿಗೆ ಒಬ್ಬರೋ ಇಬ್ಬರೋ ಮಾತ್ರ, ಮಧ್ಯೆ ಕೂತ ದೊಡ್ಡ ಕೇಂದ್ರ ಅಂತ ಯಾರೂ ಇಲ್ಲ. "ನಂಗೆ ಒಬ್ಬರೇ, ನಂಗೇನಾಗುತ್ತೆ" ಅಂದ್ಕೊಂಡಿರೋ ಹುಡುಗಿ ಆ 288ರ ಸರಪಳಿಯ ತುದಿಯಲ್ಲಿ ಇರಬಹುದು, ಅವಳಿಗೆ ಅದು ಗೊತ್ತಾಗೋ ದಾರಿನೇ ಇಲ್ಲ. ಇಂಥ ಸರಪಳಿಗೆ ಬೇರೇನೇ ಉಪಾಯ, ಕೇಂದ್ರ ಹುಡುಕಿ ಪ್ರಯೋಜನ ಇಲ್ಲ, ಎಲ್ಲಿ ಒಂದು ಕೊಂಡಿ ಬಿಚ್ಚಿದ್ರೂ ಸರಪಳಿ ಎರಡು ತುಂಡಾಗುತ್ತೆ, ಹಾಗಾಗಿ ಎಲ್ಲ ಮಕ್ಕಳಿಗೂ ತಿಳುವಳಿಕೆ, ಕಾಂಡೋಮ್ ತಲುಪಿಸೋದೇ ಸರಿ.

ಇದಕ್ಕೆ ತದ್ವಿರುದ್ಧ ಸ್ವೀಡನ್ನಿನದು. 1996ರ ಸಮೀಕ್ಷೆಯ 2,810 ಜನರ ಉತ್ತರ ಇಟ್ಕೊಂಡು ಲಿಲ್ಯೆರೋಸ್ ಮತ್ತವರ ಜೊತೆಗಾರರು 2001ರಲ್ಲಿ, ಸಂಗಾತಿಗಳ ಹಂಚಿಕೆಗೆ ತುಂಬಾ ಉದ್ದನೆ ಬಾಲ ಇದೆ, ಅಂದ್ರೆ ತುಂಬಾ ಜಾಸ್ತಿ ಸಂಗಾತಿಗಳಿರೋ ಕೆಲವರು ಇದ್ದಾರೆ, ಅದು ಪವರ್ ಲಾ ಅನ್ನೋ ಗಣಿತದ ಸೂತ್ರದ ಥರ ಇದೆ ಅಂದ್ರು. ಅದು ನಿಜವಾಗ್ಲೂ ಪವರ್ ಲಾನೇನಾ ಅಂತ ಜೋನ್ಸ್ ಮತ್ತು ಹ್ಯಾಂಡ್‌ಕಾಕ್ ಪ್ರಶ್ನೆ ಎತ್ತಿದ್ರು, ಆ ವಾದ ಬಿಟ್ಟುಬಿಡಿ, ಬಾಲ ಉದ್ದ ಇದೆ ಅನ್ನೋದ್ರಲ್ಲಿ ತಕರಾರಿಲ್ಲ. ವಯಸ್ಕರ ಸಮಾಜದಲ್ಲಿ ಕೇಂದ್ರಗಳು ಇರ್ತವೆ, ಹೈಸ್ಕೂಲಲ್ಲಿ ಇಲ್ದೇ ಇರಬಹುದು, ನೆಟ್‌ವರ್ಕ್ ಹೇಗಿದೆ ಅಂತ ನೋಡದೇ ಉಪಾಯ ಹೇಳೋಕಾಗಲ್ಲ.

ಒಂದೇ ಸಮಯದಲ್ಲಿ ಇಬ್ಬರು ಸಂಗಾತಿಗಳು ಇದ್ರೆ, ಒಬ್ಬರಾದ್ಮೇಲೆ ಒಬ್ಬರು ಇದ್ರೆ ಲೆಕ್ಕದಲ್ಲಿ ವ್ಯತ್ಯಾಸ ಇದೆಯಾ?

ಇದೆ, ಸಂಗಾತಿಗಳ ಸಂಖ್ಯೆ ಅಷ್ಟೇ ಇದ್ರೂ ವ್ಯತ್ಯಾಸ ಬರುತ್ತೆ. ಒಬ್ಬರಾದ್ಮೇಲೆ ಒಬ್ಬರು ಅಂದ್ರೆ ಎರಡನೆಯವರ ಸೋಂಕು ಮೊದಲನೆಯವರಿಗೆ ವಾಪಸ್ ಹೋಗೋಕಾಗಲ್ಲ, ಕಾಲ ಅದನ್ನ ತಡೆಯುತ್ತೆ. ಜೊತೆಜೊತೆಗೆ ಇದ್ರೆ ಎರಡೂ ದಿಕ್ಕಿಗೆ ದಾಟುತ್ತೆ, ಅದೂ ತಕ್ಷಣ, ಹೊಸ ಎಚ್‌ಐವಿ ಸೋಂಕಿನ ಮೊದಲ ವಾರಗಳಲ್ಲಿ ವೈರಸ್ ಜಾಸ್ತಿ ಇರೋದ್ರಿಂದ ಇದು ಇನ್ನೂ ಅಪಾಯ. 1990ರ ದಶಕದಲ್ಲಿ ಮಾರ್ಟಿನಾ ಮಾರಿಸ್ ಮತ್ತು ಮಿರ್ಯಾಮ್ ಕ್ರೆಟ್ಸ್‌ಮಾರ್ ಇದನ್ನ ಸಿಮ್ಯುಲೇಶನ್ ಮಾಡಿ ತೋರಿಸಿದ್ರು. ಆಫ್ರಿಕಾದ ಕೆಲವು ಭಾಗಗಳಲ್ಲಿ ಎಚ್‌ಐವಿ ಅಷ್ಟು ಹರಡೋಕೆ ಇದೇ ಕಾರಣನಾ ಅಂತ ಆಮೇಲೆ ದೊಡ್ಡ ಜಗಳಾನೇ ಆಯ್ತು, ಮಾಡೆಲಲ್ಲಿ ತೋರಿಸೋದು ಸುಲಭ, ಡೇಟಾದಲ್ಲಿ ಅಳೆಯೋದು ಕಷ್ಟ.

ಎಚ್‌ಐವಿ ಒಂದು ಸಲದ ಸಂಪರ್ಕಕ್ಕೆ ಸಾವಿರಕ್ಕೆ ಒಂದು ಅಪಾಯ ಅಂದ್ರೆ ಭಯ ಇಲ್ಲ ಅಂತ ತಾನೇ?

ಅಲ್ಲ. ಸಾವಿರಕ್ಕೆ ಒಂದು ಅನ್ನೋ ಸಾಧ್ಯತೆ 100 ಸಲ ಎದುರಾದ್ರೆ ಒಟ್ಟು ಅಪಾಯ ಶೇ 9.5, 1000 ಸಲ ಆದ್ರೆ ಶೇ 63. ಜೊತೆಗೆ ಅದು ಸರಾಸರಿ. ಬೇರೆ ಲೈಂಗಿಕ ಸೋಂಕಿನ ಹುಣ್ಣು ಇದ್ರೆ, ಸೋಂಕಿತರಿಗೆ ಈಗಷ್ಟೇ ಸೋಂಕು ತಗಲಿದ್ರೆ, ಸಂಪರ್ಕದ ರೀತಿ ಬೇರೆ ಇದ್ರೆ ಆ ಸಂಖ್ಯೆ ಹಲವು ಪಟ್ಟು ಏರುತ್ತೆ, ಚಿಕಿತ್ಸೆಯಲ್ಲಿದ್ದು ವೈರಸ್ ಅಡಗಿದ್ರೆ ಸೊನ್ನೆಗೇ ಇಳಿಯುತ್ತೆ.

ನನ್ನ ಸ್ವಂತ ರಿಸ್ಕ್ ಈ ಮಾಡೆಲಿಂದ ಲೆಕ್ಕ ಹಾಕ್ಬಹುದಾ?

ಬೇಡ. ಮಾಡೆಲ್ ಜನಸಮೂಹಕ್ಕೆ. ನಿಮ್ಮ ವಿಷಯಕ್ಕೆ ಟೆಸ್ಟ್ ಮಾಡಿಸಿ, ಅನುಮಾನ ಇದ್ರೆ ಇವತ್ತೇ ಹೋಗಿ.

ಎಚ್‌ಪಿವಿ (ಗರ್ಭಕಂಠದ ಕ್ಯಾನ್ಸರ್ ತರಬಲ್ಲ ವೈರಸ್) ಲಸಿಕೆ ಹುಡುಗೀರಿಗೆ ಕೊಟ್ರೆ ಹುಡುಗರಿಗೂ ಲಾಭ ಅಂತಾರೆ, ಅದು ಹೇಗೆ?

ಹುಡುಗಿಗೆ ಸೋಂಕು ಬರದಿದ್ರೆ ಅವಳ ಸಂಗಾತಿಗೆ ಅವಳಿಂದ ದಾಟಲ್ಲ, ಅಷ್ಟೇ. ಮಾಡೆಲ್‌ಗಳು ಮೊದಲೇ ಇದನ್ನ ಹೇಳಿದ್ವು, ಆಸ್ಟ್ರೇಲಿಯಾದಲ್ಲಿ ಅದು ಕಣ್ಣಿಗೇ ಕಾಣಿಸ್ತು. 2007ರಲ್ಲಿ ಅಲ್ಲಿ ಹುಡುಗೀರಿಗೆ ಮಾತ್ರ ಲಸಿಕೆ ಶುರು ಮಾಡಿದ್ರು, ಆ ಲಸಿಕೆ ಜನನಾಂಗದ ಗುಳ್ಳೆ ಬರಿಸೋ ಎಚ್‌ಪಿವಿ ತಳಿಗಳನ್ನೂ ತಡೆಯುತ್ತೆ. ಲೈಂಗಿಕ ಆರೋಗ್ಯ ಕ್ಲಿನಿಕ್ಕುಗಳಿಗೆ ಬಂದ 21ರ ಒಳಗಿನ ಹುಡುಗೀರಲ್ಲಿ ಈ ಗುಳ್ಳೆ 2007ರಲ್ಲಿ ಶೇ 11.5 ಇದ್ದಿದ್ದು 2011ಕ್ಕೆ ಶೇ 0.85 ಆಯ್ತು. ಲಸಿಕೆನೇ ತಗೊಳ್ಳದ, ಹೆಣ್ಣುಮಕ್ಕಳ ಜೊತೆ ಸಂಬಂಧ ಇರೋ ಅದೇ ವಯಸ್ಸಿನ ಹುಡುಗರಲ್ಲಿ ಶೇ 12.1ರಿಂದ 2.2ಕ್ಕೆ ಇಳೀತು. ಆದ್ರೆ ಗಂಡಸರ ಜೊತೆಗೇ ಸಂಬಂಧ ಇರೋ ಗಂಡಸರಿಗೆ ಈ ಲಾಭ ಆಗ ಸಿಗ್ಲಿಲ್ಲ, ಅವರ ನೆಟ್‌ವರ್ಕ್ ಬೇರೆ, ಅಲ್ಲಿ ಲಸಿಕೆ ಪಡೆದವರೇ ಇಲ್ಲ. 2013ರಿಂದ ಹುಡುಗರನ್ನೂ ಸೇರಿಸಿದ್ರು, ಅದು ನ್ಯಾಯವೂ ಹೌದು.

ಗರ್ಭಕಂಠದ ಕ್ಯಾನ್ಸರ್ ತೊಲಗಿಸೋಕೆ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಇಟ್ಕೊಂಡ 90-70-90 ಗುರಿ, ಅಂದ್ರೆ 2030ಕ್ಕೆ ಶೇ 90 ಹುಡುಗೀರಿಗೆ ಲಸಿಕೆ, ಶೇ 70 ಹೆಂಗಸರಿಗೆ ತಪಾಸಣೆ, ರೋಗ ಕಂಡವರಲ್ಲಿ ಶೇ 90 ಜನಕ್ಕೆ ಚಿಕಿತ್ಸೆ, ಇದರ ಹಿಂದೆ ಮೂರು ಬೇರೆ ಬೇರೆ ತಂಡಗಳ ಮಾಡೆಲ್‌ಗಳಿವೆ. ಬೇರೆ ಬೇರೆಯಾಗಿ ಕಟ್ಟಿದ ಮೂರು ಮಾಡೆಲ್ ಒಂದೇ ದಿಕ್ಕಿಗೆ ಕೈ ತೋರಿಸಿದ್ರೆ ನಂಬಿಕೆ ಜಾಸ್ತಿ ಆಗುತ್ತೆ.

ಮಾಡೆಲ್‌ಗಳು ಒಂದಕ್ಕೊಂದು ಒಪ್ಪದಿದ್ರೆ?

ಆಗ ಯಾಕೆ ಒಪ್ಪಲ್ಲ ಅಂತ ಹುಡುಕೋದ್ರಲ್ಲೇ ಲಾಭ. ಕ್ಲಮೀಡಿಯಾ ಅನ್ನೋ ಲೈಂಗಿಕ ಸೋಂಕಿನ ತಪಾಸಣೆ ಬಗ್ಗೆ ಯುರೋಪಲ್ಲಿ ಮೂರು ಮಾಡೆಲ್ ಇದ್ವು, 2009ರಲ್ಲಿ ಮೂರಕ್ಕೂ ಒಂದೇ ಥರದ ಕಾರ್ಯಕ್ರಮ ಕೊಟ್ಟು ನೋಡಿದ್ರೆ ಸೋಂಕು ಎಷ್ಟು ಇಳಿಯುತ್ತೆ ಅನ್ನೋದ್ರಲ್ಲಿ ಅಜಗಜಾಂತರ. ಸಂಗಾತಿಯಿಂದಾನೇ ಮತ್ತೆ ಸೋಂಕು ಬರೋದನ್ನ ಮಾಡೆಲ್ ಹೇಗೆ ಹಿಡಿಯುತ್ತೆ ಅನ್ನೋದು ಇಲ್ಲಿ ತುಂಬಾ ಮುಖ್ಯ. ಒಬ್ಬರಿಗೆ ಮಾತ್ರ ಚಿಕಿತ್ಸೆ ಕೊಟ್ಟು ಮನೆಗೆ ಕಳಿಸಿದ್ರೆ ಸಂಗಾತಿಯಿಂದ ವಾಪಸ್ ಬರುತ್ತೆ, ಆ ಚಿಕಿತ್ಸೆ ನೀರಲ್ಲಿ ಹೋಮ ಮಾಡಿದಂಗೆ. ಬರೀ ಗುಂಪುಗಳನ್ನ ಎಣಿಸೋ ಮಾಡೆಲಿಗೆ ಜೋಡಿ ಅನ್ನೋದೇ ಕಾಣಲ್ಲ, ಡೀಟ್ಸ್ ಮತ್ತು ಹಾಡೆಲರ್ 1988ರಲ್ಲಿ ಜೋಡಿಗಳನ್ನೇ ಲೆಕ್ಕಕ್ಕೆ ತಗೊಳ್ಳೋ ಮಾಡೆಲ್ ಬರೆದಿದ್ದು ಇದೇ ಕಾರಣಕ್ಕೆ.

ಸಿಫಿಲಿಸ್ ಕೆಲವು ವರ್ಷಕ್ಕೊಮ್ಮೆ ಏರಿಳಿಯುತ್ತೆ, ಜನ ಕೆಟ್ಟೋದ್ರು ಅಂತಾನಾ?

ಏರಿಕೆ ಕಂಡ ಕೂಡ್ಲೇ ಜನರ ನಡತೆ ಮೇಲೆ ಹಾಕೋದು ಹಳೇ ಚಾಳಿ. ಗ್ರಾಸ್ಲಿ, ಫ್ರೇಸರ್ ಮತ್ತು ಗಾರ್ನೆಟ್ 2005ರಲ್ಲಿ ಅಮೆರಿಕದ ನಗರಗಳ ಹಲವು ದಶಕಗಳ ಅಂಕಿಅಂಶ ನೋಡಿ ಸಿಫಿಲಿಸ್ 8ರಿಂದ 11 ವರ್ಷಕ್ಕೊಮ್ಮೆ ಏರಿಳಿಯುತ್ತೆ, ಅದೇ ನಗರಗಳ ಗೊನೊರಿಯಾದಲ್ಲಿ ಆ ಲಯ ಇಲ್ಲ ಅಂತ ತೋರಿಸಿದ್ರು. ನಡತೆನೇ ಕಾರಣ ಆಗಿದ್ರೆ ಎರಡೂ ಒಟ್ಟಿಗೆ ಏರ್ಬೇಕಿತ್ತು. ಸಿಫಿಲಿಸ್ ಬಂದವರಿಗೆ ಸ್ವಲ್ಪ ರಕ್ಷಣೆ ಉಳಿಯುತ್ತೆ, ರಕ್ಷಣೆ ಇರೋರು ಜಾಸ್ತಿ ಆದಾಗ ಇಳಿಯುತ್ತೆ, ಅದು ಕರಗಿದಾಗ ಮತ್ತೆ ಏರುತ್ತೆ ಅನ್ನೋದು ಅವರ ವಿವರಣೆ. ಎಲ್ರೂ ಒಪ್ಪಿಲ್ಲ, ಆದ್ರೆ ಏರಿಳಿತ ತನ್ನಷ್ಟಕ್ಕೇ ಹುಟ್ಟಬಹುದು ಅನ್ನೋದು ನೆನಪಲ್ಲಿ ಇಟ್ಕೊಳ್ಳೋ ವಿಷಯ. 2022ರ ಎಂಪಾಕ್ಸಲ್ಲೂ (ಮೊದಲು ಮಂಕಿಪಾಕ್ಸ್ ಅಂತಿದ್ರು) ಇಂಥದ್ದೇ ಒಂದು ಪಾಠ: ತುಂಬಾ ಸಂಗಾತಿಗಳಿರೋ ಕೆಲವೇ ಜನರಲ್ಲಿ ಬೇಗ ಹರಡಿ, ಅವರಿಗೆ ರಕ್ಷಣೆ ಬಂದ ಮೇಲೆ ವೇಗ ಬೇಗ ಕಮ್ಮಿ ಆಗಬಹುದು ಅಂತ ಮಾಡೆಲ್‌ಗಳು ತೋರಿಸಿದ್ವು. ಜೊತೆಗೆ ಆ ಸಮುದಾಯದವರು ತಾವಾಗೇ ಎಚ್ಚರ ವಹಿಸಿದ್ದು, ಲಸಿಕೆ ಹಾಕಿಸಿಕೊಂಡಿದ್ದು ಎಲ್ಲಾ ಸೇರ್ತು.

ಎಚ್‌ಐವಿಗೆ ಚಿಕಿತ್ಸೆ ಕೊಟ್ರೆ ಹರಡೋದೂ ನಿಲ್ಲುತ್ತಾ?

ಚಿಕಿತ್ಸೆಯಲ್ಲಿದ್ದು ರಕ್ತದಲ್ಲಿ ವೈರಸ್ ಪತ್ತೆ ಆಗದಷ್ಟು ಇಳಿದಿದ್ರೆ ಲೈಂಗಿಕ ಸಂಪರ್ಕದಿಂದ ದಾಟಲ್ಲ. ಇದನ್ನ ಅನುಮಾನಕ್ಕೆ ಜಾಗ ಇಲ್ದಂಗೆ ತೋರಿಸಿದ್ದಾರೆ. ಎಚ್‌ಪಿಟಿಎನ್ 052 ಟ್ರಯಲ್ 2011ರಲ್ಲಿ ಬೇಗ ಚಿಕಿತ್ಸೆ ಕೊಟ್ರೆ ದಾಟೋದು ಶೇ 96 ಕಮ್ಮಿ ಅಂತ ತೋರಿಸ್ತು, ಆಮೇಲೆ ಬಂದ ಪಾರ್ಟ್ನರ್ ಅಧ್ಯಯನಗಳಲ್ಲಿ ಕಾಂಡೋಮ್ ಇಲ್ದೆ ಹತ್ತಾರು ಸಾವಿರ ಸಲ ಸಂಪರ್ಕ ಆದ್ರೂ ಚಿಕಿತ್ಸೆಯಲ್ಲಿದ್ದ ಸಂಗಾತಿಯಿಂದ ಒಂದೇ ಒಂದು ಸೋಂಕೂ ದಾಟಿರ್ಲಿಲ್ಲ. ಈ ವಿಷಯ ಇನ್ನೂ ಎಷ್ಟೋ ಜನಕ್ಕೆ ತಲುಪಿಲ್ಲ ಅನ್ನೋದು ಬೇಜಾರು.

ಜೋಡಿಯ ಮಟ್ಟದಲ್ಲಿ ಅದು. ಇಡೀ ಸಮುದಾಯದ ಮಟ್ಟದಲ್ಲಿ? ಗ್ರಾನಿಚ್ ಮತ್ತು ಜೊತೆಗಾರರು 2009ರಲ್ಲಿ ದಕ್ಷಿಣ ಆಫ್ರಿಕಾದ ಡೇಟಾ ಇಟ್ಕೊಂಡು, ಎಲ್ಲರಿಗೂ ವರ್ಷಕ್ಕೊಮ್ಮೆ ಟೆಸ್ಟ್ ಮಾಡಿ ಸೋಂಕಿತರಿಗೆ ತಕ್ಷಣ ಚಿಕಿತ್ಸೆ ಕೊಟ್ರೆ ಹೊಸ ಸೋಂಕು ಹತ್ತು ವರ್ಷದಲ್ಲಿ ವರ್ಷಕ್ಕೆ ಸಾವಿರಕ್ಕೆ ಒಂದಕ್ಕಿಂತ ಕೆಳಗೆ ಬರುತ್ತೆ ಅಂದ್ರು. ಆಮೇಲೆ ಆಫ್ರಿಕಾದಲ್ಲಿ ದೊಡ್ಡ ದೊಡ್ಡ ಟ್ರಯಲ್ ನಡೆದಾಗ ಇಳಿಕೆ ಅಷ್ಟು ಜೋರಾಗಿ ಬರ್ಲಿಲ್ಲ. ಗಂಡಸರನ್ನ, ಓಡಾಡ್ತಾ ಇರೋ ಯುವಕರನ್ನ ಟೆಸ್ಟಿಗೆ ಕರೆತರೋದು ಕಷ್ಟ ಆಯ್ತು, ಸೋಂಕು ಹೊರಗಿಂದಲೂ ಬರ್ತಿತ್ತು, ಹೋಲಿಕೆಗೆ ಇಟ್ಟ ಕಡೆಯೂ ಅಷ್ಟೊತ್ತಿಗೆ ಚಿಕಿತ್ಸೆ ಸುಧಾರಿಸಿತ್ತು. ಶೇಕಡಾವಾರು ಗುರಿಗಳಲ್ಲೂ ಒಂದು ಸಣ್ಣ ಗುಣಾಕಾರ ಅಡಗಿದೆ. 90-90-90 ಅಂದ್ರೆ ಶೇ 90 ಜನಕ್ಕೆ ತಮ್ಮ ಸೋಂಕು ಗೊತ್ತಿರ್ಬೇಕು, ಅವರಲ್ಲಿ ಶೇ 90 ಚಿಕಿತ್ಸೆಯಲ್ಲಿರ್ಬೇಕು, ಅವರಲ್ಲಿ ಶೇ 90 ಜನಕ್ಕೆ ವೈರಸ್ ಅಡಗಿರ್ಬೇಕು. ಮೂರನ್ನೂ ಗುಣಿಸಿದ್ರೆ ಶೇ 73 ಅಷ್ಟೇ, ಉಳಿದ 27 ಜನರಿಂದ ದಾಟೋದು ನಿಂತಿಲ್ಲ. 95-95-95 ಆದ್ರೆ ಶೇ 86. ಆ ಉಳಿದವರು ಯಾರು ಅನ್ನೋದೇ ಮತ್ತೆ ಮುಖ್ಯ, ಅವರು ನೆಟ್‌ವರ್ಕಿನ ನಡುವಲ್ಲೇ ಇದ್ರೆ ಶೇ 86ರ ಸಾಧನೆಯೂ ಸಾಲದೇ ಹೋಗಬಹುದು.

ಮಾಡೆಲ್‌ಗಳು ದೊಡ್ಡದಾಗಿ ತಪ್ಪಿದ್ದು ಇದೆಯಾ?

ಇದೆ. ಏಡ್ಸ್ ವಿಷಯ ನೋಡ್ಕೊಳ್ಳೋ ವಿಶ್ವಸಂಸ್ಥೆಯ ಯುಎನ್‌ಏಡ್ಸ್ 2006ರಲ್ಲಿ ಜಗತ್ತಿನಲ್ಲಿ 3.95 ಕೋಟಿ ಜನಕ್ಕೆ ಎಚ್‌ಐವಿ ಇದೆ ಅಂದಿತ್ತು, 2007ರಲ್ಲಿ 3.32 ಕೋಟಿ ಅಂತ ತಿದ್ದಿಕೊಳ್ತು. ಅಷ್ಟೊಂದು ಜನ ಒಂದೇ ವರ್ಷದಲ್ಲಿ ವಾಸಿಯಾಗಿದ್ದಲ್ಲ. ಮೊದಲಿನ ಅಂದಾಜು ಬಹುಪಾಲು ಬಸುರಿಯರ ಕ್ಲಿನಿಕ್ಕು, ಲೈಂಗಿಕ ರೋಗದ ಕ್ಲಿನಿಕ್ಕುಗಳ ರಕ್ತಪರೀಕ್ಷೆ ಮೇಲೆ ನಿಂತಿತ್ತು, ಆಮೇಲೆ ಹಲವು ದೇಶಗಳಲ್ಲಿ ಮನೆಮನೆ ಸಮೀಕ್ಷೆ ಮಾಡಿದಾಗ ಸಂಖ್ಯೆ ಕಡಿಮೆ ಬಂತು, ಭಾರತದ ಅಂದಾಜು ಇಳಿದಿದ್ದೇ ಇದ್ರಲ್ಲಿ ದೊಡ್ಡ ಪಾಲು. ತಿದ್ದಿಕೊಂಡಿದ್ದು ಸರಿಯಾಗೇ ಮಾಡಿದ್ರು. ಯಾವ ಮಾಡೆಲ್ ಓದಿದ್ರೂ ಎರಡು ವಿಷಯ ಕೇಳಿ, ಡೇಟಾ ಯಾರಿಂದ ಬಂತು, ಯಾರು ಅದ್ರಲ್ಲಿ ಬಿಟ್ಟೋದ್ರು. ಒಂದೇ ಸಂಖ್ಯೆ ಕೊಟ್ಟು, ಇಷ್ಟರಿಂದ ಇಷ್ಟರವರೆಗೆ ಅನ್ನೋ ವ್ಯಾಪ್ತಿ ಕೊಡದೇ ಇದ್ರೆ ಅದನ್ನ ಪಕ್ಕಕ್ಕಿಡಿ.

ನಂಗೂ ಇದನ್ನ ಕಲಿಬೇಕು, ಎಲ್ಲಿಂದ ಶುರು ಮಾಡ್ಲಿ?

ಪಿಯುಸಿ ಮಟ್ಟದ ಕ್ಯಾಲ್ಕುಲಸ್, ಪ್ರಾಬಬಿಲಿಟಿ ಬಂದ್ರೆ ಸಾಕು, ಕ್ಯಾಲ್ಕುಲಸ್ ಮರ್ತಿದ್ರೂ ಸ್ಪ್ರೆಡ್‌ಶೀಟಲ್ಲಿ ಶುರು ಮಾಡಬಹುದು. ಒಂದು ಸಾಲಿಗೆ ಒಂದು ವಾರ ಅಂತ ಇಟ್ಕೊಂಡು, ಈ ವಾರದ ಸೋಂಕಿತರು ಪ್ಲಸ್ ಹೊಸಬರು ಮೈನಸ್ ವಾಸಿಯಾದವರು ಅಂತ ಬರೆದು ಕೆಳಗೆ ಎಳೀರಿ, ಎಸ್‌ಐಎಸ್ ಮಾಡೆಲ್ ರೆಡಿ. ಅದು ಬಂದ್ಮೇಲೆ 95 ಮತ್ತು 5ರ ಎರಡು ಗುಂಪು ಮಾಡಿ, ಯಾರು ಯಾರ ಜೊತೆ ಎಷ್ಟು ಬೆರೆಯುತ್ತಾರೆ ಅನ್ನೋ ಕಾಲಂ ಸೇರಿಸಿ. ಆಮೇಲೆ ಆ 5 ಜನ ತಮ್ಮತಮ್ಮೊಳಗೇ ಜಾಸ್ತಿ ಬೆರೆಯೋ ಹಾಗೆ ಬದಲಾಯಿಸಿ ನೋಡಿ, ಸೋಂಕು ಇನ್ನೂ ಸುಲಭವಾಗಿ ನೆಲೆ ನಿಲ್ಲುತ್ತೆ, ಆದ್ರೆ ಹೊರಗಿನ 95 ಜನಕ್ಕೆ ತಲುಪೋದು ಕಮ್ಮಿ ಆಗುತ್ತೆ. ಇದಾದ್ಮೇಲೆ ಆರ್ ಅಥವಾ ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಕಲೀರಿ, ನೆಟ್‌ವರ್ಕ್ ಮಾಡೆಲ್‌ಗೆ ಎಪಿಮಾಡೆಲ್ ಅನ್ನೋ ಉಚಿತ ಪ್ಯಾಕೇಜು ಆರ್‌ನಲ್ಲೇ ಸಿಗುತ್ತೆ, ಜೋಡಿ ಆಗೋದು, ಬೇರೆ ಆಗೋದು, ಜೊತೆಜೊತೆ ಸಂಬಂಧ ಎಲ್ಲಾ ಅದ್ರಲ್ಲಿ ಓಡಿಸಿ ನೋಡಬಹುದು.